ಜ್ವರಕ್ಕೆ ಹೆಸರು ಬೇಕು

(ದೌಂಡದಲ್ಲಿ ಕೂಡಿದ ಹೋಟೆಲ್ ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣ)



ಸಂಘದವನು ಮಾತಿಗೆ ನಿಂತರೆ ಪಗಾರ, ಬೋನಸ್ಸು, ಕೆಲಸದ ವೇಳೆ ಇವುಗಳ ಮಾತೇ ಬರುವದೆಂದು ನೀವು ತಿಳಿದಿರಬಹುದು. ಆ ಮಾತೂ ಬರುವದು, ಆದರೆ ಸ್ವಲ್ಪ ಸುತ್ತುದಾರಿಯಿಂದ ಬರುವದು. ಇಂದು ನಾನು ಜ್ವರದ ಬಗ್ಗೆ, ಜ್ವರ ತರುವ ಕಣ್ಣಿಗೆ ಕಾಣದ ಜೀವಿಗಳ ಬಗ್ಗೆ, ಅವುಗಳನ್ನು ಹಿಡಿದು ಗುರುತಿಸುವ ವಿದ್ಯೆಯ ಬಗ್ಗೆ ಹೇಳುವವನಿದ್ದೇನೆ. ನಾನು ಡಾಕ್ಟರನಲ್ಲ. ಏಳನೆಯ ಇಯತ್ತೆಯವರೆಗೆ ಓದಿ, ಟೇಬಲು ಒರೆಸಿ, ದೋಸೆಕಲ್ಲಿನ ಮುಂದೆ ನಿಂತು ಬಂದವನು. ಆದರೂ ಧೈರ್ಯ ಮಾಡಿದ್ದೇನೆ. ಯಾಕೆಂದರೆ ಈ ವಿದ್ಯೆಯ ಅರ್ಧ ಭಾಗ ಹುಟ್ಟಿದ್ದೇ ಅಡುಗೆಮನೆಯಲ್ಲಿ.

ನಿನ್ನೆ ಸಂಜೆ ರುಬ್ಬಿಟ್ಟ ಇಡ್ಲಿ ಹಿಟ್ಟು ಈ ಬೆಳಿಗ್ಗೆ ಪಾತ್ರೆಯ ಅಂಚಿಗೆ ಬಂದಿತ್ತಷ್ಟೆ? ಅದನ್ನು ಉಬ್ಬಿಸಿದವರು ಯಾರು? ಒಂದು ಚಮಚ ಹೆಪ್ಪು ಹಾಕಿದರೆ ಇಡೀ ಹಂಡೆಯ ಹಾಲು ಮೊಸರಾಗುವದು ಹೇಗೆ? ಅದು ಸೂಕ್ಷ್ಮಜೀವಿಗಳ ಕೆಲಸ. ಹಾಲು ಹುಳಿಯಾಗುವದಕ್ಕೆ ಜೀವಿಗಳೇ ಕಾರಣವೆಂದು ಫ್ರಾನ್ಸಿನ ಲೂಯಿ ಪಾಶ್ಚರ್ ೧೮೫೭ರಲ್ಲಿ ತೋರಿಸಿದನು. ಇವುಗಳಲ್ಲಿ ಹೆಚ್ಚಿನವು ನಮಗೆ ಮಿತ್ರರು, ಇಲ್ಲವೇ ನಮ್ಮ ಗೊಡವೆಗೆ ಬಾರದವು. ಕೆಲವು ಮಾತ್ರ ಮೈಗೆ ಹೊಕ್ಕು ರೋಗ ತರುತ್ತವೆ. ಹಾಗಾದರೆ ಸಾವಿರಾರು ಜಾತಿಯ ಈ ಸಂತೆಯಲ್ಲಿ ಕಳ್ಳ ಯಾರು, ಸಾಹುಕಾರ ಯಾರು ಎಂದು ಗುರುತಿಸುವದು ಹೇಗೆ? ಇದೇ ಮುಖ್ಯ ಪ್ರಶ್ನೆ.

ಜರ್ಮನಿಯ ರಾಬರ್ಟ್ ಕಾಕ್ ಎಂಬ ವೈದ್ಯ ಇದಕ್ಕೆ ದಾರಿ ಹುಡುಕಿದನು. ಒಂದು ಹನಿ ಗಂಜಿನೀರಿನಲ್ಲಿ ಹತ್ತು ಜಾತಿಯ ಜೀವಿಗಳು ಕಲಸಿಹೋಗಿರುತ್ತವೆ. ಅವನ್ನು ಬೇರೆ ಬೇರೆ ಮಾಡಬೇಕಾದರೆ ಗಟ್ಟಿಯಾದ ನೆಲ ಬೇಕು. ಕಾಕನು ಮೊದಲು ಬೇಯಿಸಿದ ಬಟಾಟೆಯನ್ನು ಕೊಯ್ದು, ಆ ಹೋಳಿನ ಮೇಲೆ ರೋಗಿಯ ಕೀವನ್ನೋ ರಕ್ತವನ್ನೋ ತೀಡಿ ಇಟ್ಟನು. ಒಂದೊಂದು ಜೀವಿಯೂ ಬಿದ್ದಲ್ಲೇ ಬೆಳೆದು ಒಂದೊಂದು ಚುಕ್ಕೆಯಾಯಿತು. ಒಂದು ಚುಕ್ಕೆ ಎಂದರೆ ಒಂದೇ ಕುಲದ ಲಕ್ಷಾಂತರ ಮಕ್ಕಳು. ಆದರೆ ಬಟಾಟೆಯ ಮೇಲೆ ಎಲ್ಲ ರೋಗಾಣುಗಳೂ ಬೆಳೆಯಲಿಲ್ಲ. ಆಮೇಲೆ ಜಿಲಾಟಿನ್ ತಂದರು. ಅದು ನಮ್ಮ ಮೈಯಷ್ಟು ಶಾಖದಲ್ಲಿ ಇಟ್ಟರೆ ಕರಗಿ ನೀರಾಗುತ್ತಿತ್ತು.

ಈ ಕಷ್ಟವನ್ನು ಬಿಡಿಸಿದವಳು ಒಬ್ಬ ಮನೆಯೊಡತಿ. ಹೆಸರು ಫ್ಯಾನಿ ಹೆಸ್ಸೆ. ಅವಳ ಗಂಡ ಕಾಕನ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಿದ್ದನು. ಬೇಸಿಗೆಯಲ್ಲಿ ತನ್ನ ಜಿಲಾಟಿನ್ ಕರಗಿಹೋಗುವದನ್ನು ಕಂಡು ಬೇಸತ್ತ ಅವನು, ನೀನು ಮಾಡುವ ಜೆಲ್ಲಿ ಈ ಸೆಕೆಯಲ್ಲೂ ಗಟ್ಟಿಯಾಗಿ ನಿಲ್ಲುವದು ಹೇಗೆ ಎಂದು ಹೆಂಡತಿಯನ್ನು ಕೇಳಿದನು. ಅವಳು ಅದಕ್ಕೆ ಅಗರ್ ಹಾಕುತ್ತಿದ್ದಳು. ಜಾವಾದಲ್ಲಿ ಇದ್ದುಬಂದ ನೆರೆಯವರಿಂದ ಕಲಿತದ್ದು. ಅಗರ್ ಎಂದರೆ ಬೇರೇನೂ ಅಲ್ಲ. ನಮ್ಮ ಹೋಟೆಲುಗಳಲ್ಲಿ ಪುಡ್ಡಿಂಗಿಗೆ ಹಾಕುವ ಚೈನಾ ಗ್ರಾಸ್. ಕುದಿಯುವ ಶಾಖದ ಹತ್ತಿರ ಕರಗುತ್ತದೆ, ನಲವತ್ತು ಡಿಗ್ರಿಯ ಸುಮಾರಿಗೆ ಹೆಪ್ಪುಗಟ್ಟುತ್ತದೆ, ಮತ್ತೆ ಸುಲಭವಾಗಿ ಕರಗುವದಿಲ್ಲ. ೧೮೮೧ರಲ್ಲಿ ಇದು ಪ್ರಯೋಗಶಾಲೆಯನ್ನು ಹೊಕ್ಕಿತು. ಇಂದಿಗೂ ಪುಣೆಯಲ್ಲಾಗಲಿ ಮುಂಬಯಿಯಲ್ಲಾಗಲಿ ರೋಗಾಣು ಬೆಳೆಸುವ ಗಾಜಿನ ತಟ್ಟೆಯಲ್ಲಿ ಇರುವದು ಅದೇ ವಸ್ತು. ೧೮೮೨ರ ಮಾರ್ಚ್ ೨೪ರಂದು ಕಾಕನು ಕ್ಷಯರೋಗದ ರೋಗಾಣುವನ್ನು ಜಗತ್ತಿಗೆ ಸಾರಿದನು. ಆಗ ಬರೆದ ಲೇಖದಲ್ಲಿ ಅಗರಿನ ಹೆಸರನ್ನು ಬರೆದನು, ಫ್ಯಾನಿಯ ಹೆಸರನ್ನು ಬರೆಯಲಿಲ್ಲ. ಅಡುಗೆಯವರ ಉಪಕಾರವನ್ನು ಉಂಡವರು ನೆನೆಯುವದು ಎಷ್ಟೆಂಬುದು ನಿಮಗೆ ಹೊಸದಲ್ಲ.

ಕಾಕನು ಕೆಲವು ಕಟ್ಟುಗಳನ್ನೂ ಹಾಕಿದನು. ಇಂಥ ರೋಗಕ್ಕೆ ಇಂಥ ರೋಗಾಣುವೇ ಕಾರಣವೆಂದು ಹೇಳಬೇಕಾದರೆ ಅದು ಆ ರೋಗಿಗಳೆಲ್ಲರಲ್ಲಿ ಸಿಗಬೇಕು. ಅದನ್ನು ಬೇರ್ಪಡಿಸಿ ಒಂದೇ ಕುಲವಾಗಿ ಬೆಳೆಸಿರಬೇಕು. ಹಾಗೆ ಬೆಳೆಸಿದ್ದನ್ನು ಆರೋಗ್ಯವಂತ ಪ್ರಾಣಿಗೆ ಕೊಟ್ಟರೆ ಅದೇ ರೋಗ ಬರಬೇಕು. ಆ ಪ್ರಾಣಿಯಿಂದ ಮತ್ತೆ ಅದೇ ರೋಗಾಣು ಸಿಗಬೇಕು. ಕೋರ್ಟಿನಲ್ಲಿ ಸಾಕ್ಷಿ ಕೇಳಿದ ಹಾಗೆಯೇ ಇದು. ಗುಮಾನಿಯ ಮೇಲೆ ಯಾರನ್ನೂ ಜೇಲಿಗೆ ಹಾಕಬಾರದು.

ಆದರೆ ನಮ್ಮ ಜ್ವರಗಳ ವಿಚಾರದಲ್ಲಿ ನಡೆಯುವದು ಗುಮಾನಿಯೇ. ಮಳೆಗಾಲದಲ್ಲಿ ನಮ್ಮವನೊಬ್ಬನಿಗೆ ಜ್ವರ ಬಂತೆನ್ನಿ. ಮೊದಲ ದಿನ ಔಷಧಿ ಅಂಗಡಿಯವನಿಂದ ಎರಡು ಗುಳಿಗೆ. ಮೂರನೆಯ ದಿನ ಅದೇ ಅಂಗಡಿಯಿಂದ ಆಂಟಿಬಯೋಟಿಕ್. ಅದೂ ಐದು ದಿನದ್ದಲ್ಲ, ಕಿಸೆಯಲ್ಲಿ ಇದ್ದಷ್ಟಕ್ಕೆ. ಜ್ವರ ಇಳಿಯುತ್ತದೆ, ಮತ್ತೆ ಏರುತ್ತದೆ. ಎಂಟನೆಯ ದಿನ ಡಾಕ್ಟರರ ಹತ್ತಿರ ಹೋದರೆ ಅವರು ವಿಡಾಲ್ ಪರೀಕ್ಷೆ ಬರೆದುಕೊಡುತ್ತಾರೆ. ಚೀಟಿಯ ಮೇಲೆ 'ಪಾಸಿಟಿವ್' ಎಂದು ಬರುತ್ತದೆ. ಟೈಫಾಯಿಡ್ ಎಂದು ಹೆಸರಾಯಿತು.

ಈ ವಿಡಾಲ್ ಪರೀಕ್ಷೆ ೧೮೯೬ರಷ್ಟು ಹಳೆಯದು. ಅದು ರೋಗಾಣುವನ್ನು ಹುಡುಕುವದಿಲ್ಲ. ರೋಗಾಣುವಿನ ವಿರುದ್ಧ ನಮ್ಮ ರಕ್ತ ತಯಾರಿಸಿದ ಪ್ರತಿವಿಷವನ್ನು ಹುಡುಕುತ್ತದೆ. ಓಣಿಯಲ್ಲಿ ಪೋಲೀಸರನ್ನು ಕಂಡು ಇಲ್ಲಿ ಕಳ್ಳನಿದ್ದಾನೆಂದು ಊಹಿಸಿದ ಹಾಗೆ. ಪೋಲೀಸರು ಹೋದ ವರುಷದ ಕಳ್ಳನಿಗಾಗಿ ಬಂದು ಇನ್ನೂ ನಿಂತಿರಬಹುದು. ಮೊದಲೊಮ್ಮೆ ಟೈಫಾಯಿಡ್ ಆದವನಲ್ಲಿ, ಲಸಿಕೆ ಹಾಕಿಸಿಕೊಂಡವನಲ್ಲಿ, ಒಮ್ಮೊಮ್ಮೆ ಮಲೇರಿಯಾ ಬಂದವನಲ್ಲಿಯೂ ಇದು ಪಾಸಿಟಿವ್ ಬರುವದುಂಟು. ಜ್ವರದ ಮೊದಲ ವಾರದಲ್ಲಿ ನಿಜವಾದ ಟೈಫಾಯಿಡಿನಲ್ಲೇ ಇದು ನೆಗೆಟಿವ್ ಬರಬಹುದು. ಒಂದೇ ವಿಡಾಲ್ ಚೀಟಿಯನ್ನು ನಂಬಿ ತೀರ್ಪು ಕೊಡಬಾರದೆಂದು ಈ ಶಾಸ್ತ್ರ ಬಲ್ಲವರೇ ಹೇಳುತ್ತಾರೆ. ಆದರೆ ಅಗ್ಗ, ಬೇಗ ಆಗುತ್ತದೆ, ಆದ್ದರಿಂದ ನಡೆದುಬಂದಿದೆ.

ಕಳ್ಳನನ್ನೇ ಹಿಡಿಯುವ ಪರೀಕ್ಷೆ ರಕ್ತದ ಕಲ್ಚರ್. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಕಿವಿಗೊಟ್ಟು ಕೇಳಿರಿ. ದೊಡ್ಡವರ ತೋಳಿನಿಂದ ಎಂಟು-ಹತ್ತು ಮಿಲಿಲೀಟರ್ ರಕ್ತ ತೆಗೆಯುತ್ತಾರೆ. ಅಷ್ಟೊಂದು ರಕ್ತ ಯಾಕೆಂದು ನಮ್ಮವರು ಹೆದರುವದುಂಟು. ಟೈಫಾಯಿಡಿನಲ್ಲಿ ರಕ್ತದೊಳಗಿನ ರೋಗಾಣುಗಳು ಬಹಳ ಕಡಿಮೆ. ಒಂದು ಹನಿ ತೆಗೆದರೆ ಅದರಲ್ಲಿ ಒಂದೂ ಇಲ್ಲದೆ ಹೋಗಬಹುದು. ಆ ರಕ್ತವನ್ನು ಸಾರು ತುಂಬಿದ ಬಾಟಲಿಗೆ ಹಾಕಿ, ಮೈಶಾಖದಲ್ಲಿ, ಎಂದರೆ ೩೭ ಡಿಗ್ರಿಯಲ್ಲಿ ಇಡುತ್ತಾರೆ. ರೋಗಾಣು ಇದ್ದರೆ ಕೆಲವು ದಿನಗಳಲ್ಲಿ ಬೆಳೆಯುತ್ತದೆ. ಬೆಳೆದದ್ದನ್ನು ಗಾಜಿನ ಪಟ್ಟಿಯ ಮೇಲೆ ಹಚ್ಚಿ ಬಣ್ಣ ಹಾಕುತ್ತಾರೆ. ಡೆನ್ಮಾರ್ಕಿನ ಗ್ರಾಮ್ ಎಂಬವನು ೧೮೮೪ರಲ್ಲಿ ತೋರಿಸಿದ ಈ ಬಣ್ಣದಲ್ಲಿ ಕೆಲವು ರೋಗಾಣುಗಳು ನೇರಳೆಯಾಗಿಯೂ ಕೆಲವು ಗುಲಾಬಿಯಾಗಿಯೂ ಕಾಣುತ್ತವೆ. ಟೈಫಾಯಿಡಿನದು ಗುಲಾಬಿ, ಕಡ್ಡಿಯಾಕಾರ. ಆದರೆ ಗುಲಾಬಿ ಕಡ್ಡಿಗಳು ಹಲವಾರಿವೆ. ಆದ್ದರಿಂದ ಚೈನಾ ಗ್ರಾಸಿನಲ್ಲಿ ಹಾಲಿನ ಸಕ್ಕರೆಯನ್ನೂ ಒಂದು ಬಣ್ಣವನ್ನೂ ಕಲಸಿದ ತಟ್ಟೆಯ ಮೇಲೆ ಅದನ್ನು ತೀಡುತ್ತಾರೆ. ನಮ್ಮ ಕರುಳಿನಲ್ಲಿ ಯಾವಾಗಲೂ ಇರುವ ಒಂದು ರೋಗಾಣು ಆ ಸಕ್ಕರೆಯನ್ನು ಹುಳಿಮಾಡಿ ತಟ್ಟೆಯನ್ನು ಕೆಂಪುಮಾಡುತ್ತದೆ. ಟೈಫಾಯಿಡಿನದು ಹಾಲಿನ ಸಕ್ಕರೆಯನ್ನು ಮುಟ್ಟುವದಿಲ್ಲ, ಬಣ್ಣವಿಲ್ಲದೆ ಕೂತಿರುತ್ತದೆ. ಯಾವುದು ಏನು ತಿನ್ನುತ್ತದೆ, ಏನು ಬಿಡುತ್ತದೆ ಎಂಬುದರಿಂದ ಅದರ ಜಾತಿ ಗೊತ್ತುಮಾಡುತ್ತಾರೆ. ಗಿರಾಕಿಯ ಆರ್ಡರು ಕೇಳಿಯೇ ಅವನು ಯಾವ ಊರಿನವನೆಂದು ಹೇಳುವ ಹಳೆಯ ಸಪ್ಲೈಯರುಗಳು ನಮ್ಮಲ್ಲಿಲ್ಲವೆ?

ಕೊನೆಗೆ ಅದರ ಮೇಲೆ ಬೇರೆ ಬೇರೆ ಔಷಧಿಗಳ ಚಿಕ್ಕ ಬಿಲ್ಲೆಗಳನ್ನು ಇಡುತ್ತಾರೆ. ಯಾವ ಬಿಲ್ಲೆಯ ಸುತ್ತ ರೋಗಾಣು ಬೆಳೆಯದೆ ಬಯಲು ಬೀಳುತ್ತದೋ ಆ ಔಷಧಿ ನಾಟುತ್ತದೆಂದು ತಿಳಿಯುತ್ತದೆ. ಇದು ಬಹಳ ಮುಖ್ಯ. ಹಿಂದೆ ಟೈಫಾಯಿಡನ್ನು ಇಳಿಸುತ್ತಿದ್ದ ಸಿಪ್ರೊಫ್ಲಾಕ್ಸಸಿನ್ ಈಗ ನಮ್ಮ ದೇಶದಲ್ಲಿ ಅನೇಕ ರೋಗಿಗಳಿಗೆ ನಾಟುವದಿಲ್ಲ. ಅರ್ಧಮರ್ಧ ಗುಳಿಗೆ ನುಂಗಿ ರೋಗಾಣುಗಳಿಗೆ ಅಂಗಸಾಧನೆ ಮಾಡಿಸಿದವರಲ್ಲಿ ನಾವೂ ಸೇರಿದ್ದೇವೆ.

ಕಲ್ಚರಿಗೂ ಮಿತಿಯುಂಟು. ನೂರು ನಿಜವಾದ ಟೈಫಾಯಿಡ್ ರೋಗಿಗಳಲ್ಲಿ ಐವತ್ತು-ಅರವತ್ತು ಮಂದಿಯಲ್ಲಿ ಮಾತ್ರ ರಕ್ತದಿಂದ ರೋಗಾಣು ಸಿಗುತ್ತದೆ. ಮೊದಲ ವಾರದಲ್ಲೇ ರಕ್ತ ತೆಗೆದರೆ ಸಿಗುವ ಸಂಭವ ಹೆಚ್ಚು. ಅದಕ್ಕೆ ಮೊದಲೇ ಆಂಟಿಬಯೋಟಿಕ್ ನುಂಗಿದ್ದರೆ ಸಂಭವ ಇಳಿಯುತ್ತದೆ. ಆದ್ದರಿಂದ ನೀವು ನೆನಪಿಡಬೇಕಾದ ಮಾತು ಇದು: ಜ್ವರ ಮೂರು ದಿನ ದಾಟಿದರೆ ದವಾಖಾನೆಗೆ ಹೋಗಬೇಕು, ಮೊದಲು ರಕ್ತ, ಆಮೇಲೆ ಗುಳಿಗೆ. ಏನಾದರೂ ನುಂಗಿದ್ದರೆ ಅದರ ಹಾಳೆಯನ್ನು ಕಿಸೆಯಲ್ಲಿಟ್ಟುಕೊಂಡು ಹೋಗಿ ಡಾಕ್ಟರರಿಗೆ ತೋರಿಸಬೇಕು. ಪ್ರಜ್ಞೆ ತಪ್ಪುವದು, ಉಸಿರುಗಟ್ಟುವದು, ರಕ್ತ ಬೀಳುವದು ಕಂಡರೆ ಮೂರು ದಿನ ಕಾಯಬಾರದು, ಆಗಲೇ ಹೋಗಬೇಕು.

ಎಲ್ಲ ಜ್ವರಕ್ಕೂ ಇದೇ ಪರೀಕ್ಷೆಯಲ್ಲ. ಮಲೇರಿಯಾಕ್ಕೆ ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ ಸಾಕು. ಡೆಂಗಿಗೆ ಮೊದಲ ಐದು ದಿನ ಒಂದು ಪರೀಕ್ಷೆ, ಆಮೇಲೆ ಬೇರೆ ಪರೀಕ್ಷೆ. ಎರಡು ವಾರ ದಾಟಿದ ಕೆಮ್ಮಿಗೆ ಕಫದ ಪರೀಕ್ಷೆ, ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ. ಒಂದೇ ಖೋಲಿಯಲ್ಲಿ ಹನ್ನೆರಡು ಜನ ಮಲಗುವ ನಮಗೆ ಈ ಕೊನೆಯದು ಮುಖ್ಯ. ಕ್ಷಯರೋಗವೆಂದು ಗೊತ್ತಾದವರಿಗೆ ಔಷಧಿಯೂ ಪುಕ್ಕಟೆ. ಪೋಷಣೆಗೆಂದು ಕೊಡುತ್ತಿದ್ದ ತಿಂಗಳ ೫೦೦ ರೂಪಾಯಿಯನ್ನು ೨೦೨೪ರ ನವೆಂಬರದಿಂದ ೧೦೦೦ಕ್ಕೆ ಏರಿಸಿದ್ದಾರೆ.

ಇನ್ನು ಕೆಲವು ರೋಗಾಣುಗಳು ಚೈನಾ ಗ್ರಾಸಿಗೆ ಬಗ್ಗುವದಿಲ್ಲ. ಅವು ವೈರಸ್ಸುಗಳು. ಜೀವವಿರುವ ಕಣದೊಳಗೇ ಬೆಳೆಯುವಂಥವು. ಈ ಮಾತಿಗೆ ಪುಣೆಯೂ ನಮ್ಮ ಮಲೆನಾಡೂ ಕೂಡಿದ ಒಂದು ಕಥೆಯಿದೆ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಹತ್ತಿರದ ಹಳ್ಳಿಗಳಲ್ಲಿ ಜನರಿಗೆ ಕಡುಜ್ವರ, ತಲೆನೋವು, ಕೆಲವರಿಗೆ ಮೂಗು ಬಾಯಿಯಿಂದ ರಕ್ತ. ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುವ ರೋಗವೆಂದರೆ ಆಫ್ರಿಕ, ಅಮೆರಿಕಗಳ ಹಳದಿ ಜ್ವರ. ಅದು ಭರತಖಂಡಕ್ಕೆ ಬಂದೇ ಬಿಟ್ಟಿತೇ ಎಂದು ತಿಳಿದವರ ಎದೆ ಧಸಕ್ಕೆಂದಿತು. ಪುಣೆಯಲ್ಲಿ ೧೯೫೨ರಲ್ಲಿ ವೈರಸ್ ಸಂಶೋಧನ ಕೇಂದ್ರ ಸ್ಥಾಪನೆಯಾಗಿತ್ತು. ಮುಂದೆ ಅದೇ ರಾಷ್ಟ್ರೀಯ ವಿಷಾಣು ಸಂಸ್ಥೆಯಾಯಿತು. ಅಲ್ಲಿಂದ ಟೆಲ್‌ಫರ್ಡ್ ವರ್ಕ್, ಟಿ. ರಾಮಚಂದ್ರ ರಾವ್ ಮೊದಲಾದವರು ಈ ರೋಗದ ಶೋಧಕ್ಕೆ ತೊಡಗಿದರು. ರೋಗಿಗಳ ರಕ್ತ, ಸತ್ತ ಮಂಗಗಳ ಅಂಗಗಳು, ಕಾಡಿನ ಉಣ್ಣೆಗಳು ಎಲ್ಲವನ್ನೂ ಕೂಡಿಸಿದರು. ಅದರ ಅಂಶವನ್ನು ಇಲಿಮರಿಗಳಿಗೆ ಚುಚ್ಚಿ ವೈರಸ್ಸನ್ನು ಹಿಡಿದರು. ನೋಡಿದರೆ ಅದು ಹಳದಿ ಜ್ವರವಲ್ಲ. ರಶಿಯಾದ ಕಾಡುಗಳಲ್ಲಿ ಉಣ್ಣೆಯಿಂದ ಬರುವ ರೋಗವೊಂದರ ಬಳಗಕ್ಕೆ ಸೇರಿದ, ಅದುವರೆಗೆ ಯಾರೂ ಕಾಣದ ಹೊಸ ವೈರಸ್. ನಮ್ಮ ಜನ ಅದನ್ನು ಮಂಗನ ಕಾಯಿಲೆ ಎಂದರು. ಪುಸ್ತಕಗಳಲ್ಲಿ ಕ್ಯಾಸನೂರು ಕಾಡಿನ ರೋಗವೆಂದಾಯಿತು.

ಹೆಸರು ಗೊತ್ತಾದದ್ದರಿಂದ ಏನಾಯಿತು ಎಂದು ಕೇಳಬಹುದು. ಹಳದಿ ಜ್ವರವೆಂದೇ ನಂಬಿದ್ದರೆ ಸೊಳ್ಳೆಯ ಬೆನ್ನು ಹತ್ತಿ ಹಣ ಸುರಿಯುತ್ತಿದ್ದರು. ಉಣ್ಣೆಯೆಂದು ತಿಳಿದದ್ದರಿಂದ ಕಾಡಿಗೆ ಸೌದೆಗೆ, ಸೊಪ್ಪಿಗೆ ಹೋಗುವವರು ಮೈಗೆ ತೈಲ ಹಚ್ಚಬೇಕು, ಬಂದ ಮೇಲೆ ಬಿಸಿನೀರಿನಲ್ಲಿ ಮೀಯಬೇಕು, ಮಂಗ ಸತ್ತ ಕಡೆಗೆ ಹೋಗಬಾರದು ಎಂಬ ಬುದ್ಧಿ ಹುಟ್ಟಿತು. ೧೯೮೨-೮೩ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಈ ರೋಗ ದೊಡ್ಡದಾಗಿ ಹಬ್ಬಿತು. ೨೦೧೬ರಲ್ಲಿ ಈ ಮಹಾರಾಷ್ಟ್ರದ ಸಿಂಧುದುರ್ಗದಲ್ಲಿಯೂ ಕಾಣಿಸಿಕೊಂಡಿತು. ಊರಿಗೆ ಹೋಗುವ ದಕ್ಷಿಣ ಕನ್ನಡದವರೂ ಮಲೆನಾಡಿನವರೂ ಇಲ್ಲಿ ಇದ್ದೀರಿ. ಬೇಸಿಗೆಯಲ್ಲಿ ಊರಿಗೆ ಹೋಗಿಬಂದ ಮೇಲೆ ಜ್ವರ ಬಂದರೆ, ಎಲ್ಲಿಗೆ ಹೋಗಿದ್ದೆ, ಕಾಡಿಗೆ ಹೊಕ್ಕಿದ್ದೆನೇ ಎಂಬುದನ್ನು ಡಾಕ್ಟರರಿಗೆ ತಪ್ಪದೆ ಹೇಳಿರಿ. ಅವರು ಕೇಳದಿದ್ದರೂ ಹೇಳಿರಿ. ಪ್ರಯೋಗಶಾಲೆ ತಾನು ಹುಡುಕಿದ್ದನ್ನು ಮಾತ್ರ ಕಾಣುತ್ತದೆ.

ಈ ಕೊನೆಯ ಮಾತಿಗೆ ನಮ್ಮ ಹತ್ತಿರದ್ದೇ ಇನ್ನೊಂದು ಉದಾಹರಣೆ. ೨೦೨೫ರ ಜನೇವರಿಯಲ್ಲಿ ಪುಣೆಯ ಸಿಂಹಗಡ ರಸ್ತೆ, ಕಿರಕಟವಾಡಿ, ನಾಂದೇಡ ಗಾಂವ, ಧಾಯರಿಗಳ ಕಡೆ ಜನರ ಕೈಕಾಲುಗಳ ಬಲ ಒಮ್ಮೆಲೇ ಹೋಗತೊಡಗಿತು. ಕೆಲವರಿಗೆ ಉಸಿರಾಟಕ್ಕೆ ಯಂತ್ರ ಹಚ್ಚಬೇಕಾಯಿತು. ಇನ್ನೂರಕ್ಕೂ ಮಿಕ್ಕಿ ರೋಗಿಗಳಾದರು, ಕೆಲವರು ತೀರಿಕೊಂಡರು. ಗೀಲನ್-ಬಾರೆ ಎಂದು ಆ ರೋಗದ ಹೆಸರು. ಅದು ನರಗಳ ರೋಗ, ಅಂಟುರೋಗವಲ್ಲ. ಆದರೆ ಅನೇಕರಿಗೆ ಮೊದಲು ಭೇದಿಯಾಗಿತ್ತು. ರೋಗಿಗಳ ಮಲವನ್ನು ರಾಷ್ಟ್ರೀಯ ವಿಷಾಣು ಸಂಸ್ಥೆಯಲ್ಲಿ ಪರೀಕ್ಷಿಸಿದಾಗ ಕೆಲವರಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ ಎಂಬ ರೋಗಾಣುವೂ ಕೆಲವರಲ್ಲಿ ನೋರೋವೈರಸ್ಸೂ ಸಿಕ್ಕಿತು. ಕ್ಯಾಂಪಿಲೋಬ್ಯಾಕ್ಟರಿನ ಹೊರಮೈ ನಮ್ಮ ನರಗಳ ಹೊರಮೈಯನ್ನು ಹೋಲುತ್ತದೆ. ರೋಗಾಣುವಿನ ಮೇಲೆ ಎತ್ತಿದ ಕತ್ತಿಯನ್ನು ಮೈ ತನ್ನ ನರಗಳ ಮೇಲೆಯೇ ಬೀಸುತ್ತದೆ. ಇಂಥ ಹೊತ್ತಿನಲ್ಲಿ ಜನರ ಬೆರಳು ಮೊದಲು ತಿರುಗುವದು ಕೈಗಾಡಿಯವನ ಕಡೆಗೆ, ಹೋಟೆಲಿನ ಹುಡುಗನ ಕಡೆಗೆ. ಇಲ್ಲಿ ರೋಗಿಗಳ ಮನೆಗಳಲ್ಲಿ ಹೆಚ್ಚಿನವು ಒಂದೇ ಭಾಗದಲ್ಲಿ ಕೂಡಿದ್ದುದರಿಂದ ಕುಡಿಯುವ ನೀರಿನ ಕಡೆಗೆ ದೃಷ್ಟಿ ಹೋಯಿತು. ಇದೇ ಕ್ಯಾಂಪಿಲೋಬ್ಯಾಕ್ಟರ್ ಭೇದಿಗೆ ದೊಡ್ಡ ಕಾರಣವೆಂದು ಇಂಗ್ಲೆಂಡಿನ ಸ್ಕಿರೋ ಎಂಬವರು ೧೯೭೭ರಲ್ಲಿ ಬರೆಯುವವರೆಗೆ ಹೆಚ್ಚಿನ ದವಾಖಾನೆಗಳಲ್ಲಿ ಅದನ್ನು ಹುಡುಕುತ್ತಲೇ ಇರಲಿಲ್ಲ. ಅದಕ್ಕೆ ಪ್ರಾಣವಾಯು ಕಡಿಮೆ ಇರಬೇಕು, ೪೨ ಡಿಗ್ರಿ ಶಾಖ ಬೇಕು. ಮಾಮೂಲು ತಟ್ಟೆಯಲ್ಲಿ ಇಟ್ಟರೆ ಬೆಳೆಯುವದಿಲ್ಲ. ಸಿಗಲಿಲ್ಲ ಎಂದರೆ ಇಲ್ಲ ಎಂದು ಅರ್ಥವಲ್ಲ. ಹಸಿ ಕೋಳಿ ಕೊಯ್ದ ಚಾಕು ಹಲಗೆಗಳಲ್ಲೇ ಕಾಂದಾ ಟೊಮೆಟೊ ಕೊಯ್ಯುವ ಧಾಬಾದ ಮಿತ್ರರು ಈ ಹೆಸರನ್ನು ಬರೆದಿಟ್ಟುಕೊಳ್ಳಲಿ.

ಪುಣೆಯ ಮಾತು ಪುಣೆಗೆ ಎಂದು ದೌಂಡದವರು ಅನ್ನಬಾರದು. ಆ ಭಾಗದ ಮುಠಾ ನದಿ ಮುಳಾದೊಡನೆ ಕೂಡಿ ಈ ತಾಲೂಕಿನ ಹತ್ತಿರವೇ ಭೀಮೆಗೆ ಬೀಳುತ್ತದೆ. ಪುಣೆಯ ಗಟಾರು ನಮ್ಮ ಬಾಗಿಲಿಗೆ ಬಂದಂತೆ. ಅದೇ ಭೀಮೆ ಉಜನಿಗೆ, ಪಂಢರಪುರಕ್ಕೆ, ಅಲ್ಲಿಂದ ನಮ್ಮ ವಿಜಯಪುರ-ಕಲಬುರ್ಗಿಗೆ ಹೋಗುತ್ತದೆ. ನೀರಿನ ದಾರಿಯೇ ರೈಲಿನ ದಾರಿಯೂ ಆಗಿದೆ.

ಈಗ ನಮ್ಮ ಕಸುಬಿನ ಮಾತಿಗೆ ಬರುತ್ತೇನೆ. ಟೈಫಾಯಿಡ್ ಬಂದು ವಾಸಿಯಾದ ಪ್ರತಿ ನೂರು ಜನರಲ್ಲಿ ಎರಡು-ಮೂರು ಮಂದಿಯ ಪಿತ್ತಕೋಶದಲ್ಲಿ ರೋಗಾಣು ಮನೆಮಾಡಿ ಕೂತುಬಿಡುತ್ತದೆ. ಅವರಿಗೆ ಜ್ವರವಿಲ್ಲ, ನೋವಿಲ್ಲ, ಗಟ್ಟಿಮುಟ್ಟಾಗಿರುತ್ತಾರೆ. ಆದರೆ ಅವರ ಮಲದಲ್ಲಿ ರೋಗಾಣು ಬರುತ್ತಲೇ ಇರುತ್ತದೆ. ಇವರನ್ನು ವಾಹಕರೆನ್ನುತ್ತಾರೆ. ರೋಗಾಣು ಸಿಕ್ಕಲ್ಲಿ ರೋಗವಿರಬೇಕೆಂಬ ಹಳೆಯ ಲೆಕ್ಕ ಇಲ್ಲಿ ತಪ್ಪಿತು.

ಅಮೆರಿಕದ ನ್ಯೂಯಾರ್ಕಿನಲ್ಲಿ ಮೇರಿ ಮ್ಯಾಲನ್ ಎಂಬ ಅಡುಗೆಯವಳಿದ್ದಳು. ಐರ್ಲೆಂಡಿನಿಂದ ಹೊಟ್ಟೆಪಾಡಿಗೆ ಬಂದವಳು, ನಮ್ಮ ಹಾಗೆಯೇ. ೧೯೦೬ರ ಬೇಸಿಗೆಯಲ್ಲಿ ಅವಳು ಅಡುಗೆಗಿದ್ದ ಒಂದು ಸಾಹುಕಾರರ ಮನೆಯಲ್ಲಿ ಹನ್ನೊಂದು ಜನರಲ್ಲಿ ಆರು ಜನರಿಗೆ ಟೈಫಾಯಿಡ್ ಆಯಿತು. ಸೋಪರ್ ಎಂಬ ಶೋಧಕನು ಅವಳು ಹಿಂದೆ ದುಡಿದ ಮನೆಗಳ ಪಟ್ಟಿ ಹಿಡಿದು ಹೋದರೆ ಮನೆಮನೆಯಲ್ಲೂ ಅದೇ ಜ್ವರ. ಬಿಸಿ ಅಡುಗೆಯಲ್ಲಿ ರೋಗಾಣು ಸಾಯುತ್ತದೆ. ಅವಳು ಹಸಿ ಹಣ್ಣು ಕೊಯ್ದುಹಾಕಿ ಮಾಡುತ್ತಿದ್ದ ಐಸ್‌ಕ್ರೀಮಿನಿಂದ ಹಬ್ಬಿರಬೇಕೆಂದು ಅವನು ತರ್ಕಿಸಿದನು. ನಮ್ಮಲ್ಲಿಯೂ ಕುದಿಯುವ ಸಾಂಬಾರಿಗೆ ಹೆದರಬೇಕಾದ್ದಿಲ್ಲ. ಹಸಿ ಚಟ್ನಿ, ಕೋಸಂಬರಿ, ಮಜ್ಜಿಗೆ, ಬರ್ಫಿನ ನೀರಿಗೆ ಹೆದರಬೇಕು.

೧೯೦೭ರಲ್ಲಿ ಪೋಲೀಸರನ್ನು ಕರೆದುಕೊಂಡು ಹೋಗಿ ಮೇರಿಯನ್ನು ಹಿಡಿದರು. ಒಂದು ದ್ವೀಪದಲ್ಲಿ ಇಟ್ಟರು. ಅವಳ ಮಲದಲ್ಲಿ ರೋಗಾಣು ಸಿಕ್ಕಿದ್ದು ನಿಜ. ಆದರೆ ಒಂದು ದಿನವೂ ಜ್ವರದಿಂದ ಮಲಗಿದ ನೆನಪಿಲ್ಲದ ತಾನು ಜನರನ್ನು ಕೊಂದೆನೆಂಬ ಮಾತನ್ನು ಅವಳು ನಂಬಲಿಲ್ಲ. ೧೯೧೦ರಲ್ಲಿ ಇನ್ನು ಅಡುಗೆ ಮಾಡುವದಿಲ್ಲವೆಂದು ಬರೆಸಿಕೊಂಡು ಬಿಟ್ಟರು. ಅಡುಗೆ ಬಿಟ್ಟು ಬಟ್ಟೆ ಒಗೆಯುವ ಕೆಲಸಕ್ಕೆ ಹೋದಳು. ಅದರಲ್ಲಿ ಪಗಾರ ಕಡಿಮೆ. ಕೊನೆಗೆ ಹೆಸರು ಬದಲಿಸಿ ಮತ್ತೆ ಅಡುಗೆಗೆ ಸೇರಿದಳು; ೧೯೧೫ರಲ್ಲಿ ಒಂದು ಹೆರಿಗೆ ಆಸ್ಪತ್ರೆಯಲ್ಲಿ ೨೫ ಜನರಿಗೆ ರೋಗ ಹತ್ತಿತು, ಇಬ್ಬರು ಸತ್ತರು. ಆಮೇಲೆ ೧೯೩೮ರಲ್ಲಿ ಸಾಯುವವರೆಗೆ ಅವಳನ್ನು ದ್ವೀಪದಿಂದ ಬಿಡಲಿಲ್ಲ. ಅವಳಂಥ ವಾಹಕರು ಆ ಪಟ್ಟಣದಲ್ಲಿ ಇನ್ನೂ ಎಷ್ಟೋ ಮಂದಿ ಗೊತ್ತಾಗಿದ್ದರೂ ಜೀವಮಾನವಿಡೀ ಸೆರೆಯಲ್ಲಿ ಇದ್ದವಳು ಅವಳೊಬ್ಬಳೇ ಎಂಬಂತಾಯಿತು.

ಅವಳು ಮಾಡಿದ್ದು ಸರಿಯೆಂದು ನಾನು ಹೇಳುವದಿಲ್ಲ. ಸತ್ತ ಇಬ್ಬರಿಗೂ ಮನೆಮಂದಿ ಇದ್ದರು. ಆದರೆ ಪ್ರಯೋಗಶಾಲೆಯ ಕೆಲಸ ಚೆನ್ನಾಗಿ ಆಯಿತು, ಸರಕಾರದ ಕೆಲಸ ಅರ್ಧಕ್ಕೆ ನಿಂತಿತು. ರೋಗಾಣುವಿನ ಹೆಸರು ಹಿಡಿದರು. ಅದು ಸಿಕ್ಕಿದ ಮನುಷ್ಯಳ ಹೊಟ್ಟೆಗೆ ಏನು ಎಂದು ಕೇಳಲಿಲ್ಲ. ಅವಳಿಗೆ ಅಡುಗೆಯಷ್ಟೇ ಪಗಾರದ ಬೇರೆ ಕೆಲಸ ಕೊಟ್ಟಿದ್ದರೆ ೧೯೧೫ರ ಸಂಗತಿ ನಡೆಯುತ್ತಿತ್ತೆ?

ನಾನು ಹಿಂದೆ ದುಡಿಯುತ್ತಿದ್ದ ಒಂದು ಹೋಟೆಲಿನಲ್ಲಿ, ಯಾವುದೆಂದು ಹೇಳುವದಿಲ್ಲ, ಒಬ್ಬ ಕ್ಲೀನರ್ ಹುಡುಗ ಒಂಬತ್ತು ದಿನ ಜ್ವರದಲ್ಲೇ ಕಪ್ಪು ಬಸಿ ತೊಳೆದನು. ಹೇಳಿದರೆ ಆ ದಿನಗಳ ಪಗಾರ ಹೋಗುವದೆಂದು ಹೇಳಲಿಲ್ಲ. ಹತ್ತನೆಯ ದಿನ ಮೋರಿಯ ಹತ್ತಿರ ಬಿದ್ದನು. ಮಾಲಕರು ದವಾಖಾನೆಗೆ ಕಳಿಸಲಿಲ್ಲ. ಟಿಕೇಟು ತೆಗೆಸಿ ರಾತ್ರಿಯ ಗಾಡಿಗೆ ಹತ್ತಿಸಿದರು. "ಊರಿನ ಗಾಳಿಗೆ ವಾಸಿಯಾಗುತ್ತದೆ" ಎಂದರು. ಇದೇ ದೌಂಡದ ಮೇಲೆಯೇ ಹೋದ ಗಾಡಿ ಅದು. ಅವನ ಜ್ವರ ಯಾವುದೆಂದು ಯಾರೂ ನೋಡಲಿಲ್ಲ. ಮರುದಿನ ಅವನ ಜಾಗಕ್ಕೆ ಇನ್ನೊಬ್ಬ ಬಂದನು, ಅದೇ ಹಾಸಿಗೆಯಲ್ಲಿ ಮಲಗಿದನು. ಹೀಗೆ ಗಾಡಿ ಹತ್ತಿಸುವ ಪದ್ಧತಿ ಒಂದೇ ಹೋಟೆಲಿನದಲ್ಲ, ನಿಮಗೆಲ್ಲ ಗೊತ್ತು.

ಕಾಯಿದೆ ಏನೂ ಇಲ್ಲವೆಂದಲ್ಲ. ೨೦೧೧ರ ಆಹಾರ ಸುರಕ್ಷತೆಯ ನಿಯಮಗಳ ಪ್ರಕಾರ ಆಹಾರ ಮುಟ್ಟುವ ಕೆಲಸಗಾರರಿಗೆ ವರ್ಷಕ್ಕೊಮ್ಮೆ ವೈದ್ಯಪರೀಕ್ಷೆ ಆಗಬೇಕು, ಅದರ ದಾಖಲೆ ಇಡಬೇಕು. ಅನೇಕ ಕಡೆ ಈ ಪರೀಕ್ಷೆ ಹೇಗೆ ನಡೆಯುತ್ತದೆ? ಹದಿನೈದು ಜನರ ಹೆಸರಿನ ಪಟ್ಟಿ ಹೋಗುತ್ತದೆ, ಹದಿನೈದು ಸಹಿ ಬರುತ್ತದೆ. ನಾಡಿ ಹಿಡಿದವರೂ ಇಲ್ಲ, ನಾಲಗೆ ನೋಡಿದವರೂ ಇಲ್ಲ. ಮಲಪರೀಕ್ಷೆಯ ಮಾತು ದೂರ. ನಮ್ಮವರೂ ಇದಕ್ಕೆ ಒಳಗೊಳಗೆ ಸಂತೋಷಪಡುತ್ತಾರೆ, ಯಾಕೆಂದರೆ ಪರೀಕ್ಷೆಯಲ್ಲಿ ಏನಾದರೂ ಸಿಕ್ಕಿದರೆ ಕೆಲಸ ಹೋಗುತ್ತದೆ. ಈ ಭಯ ಇರುವವರೆಗೆ ಯಾವ ಸೂಕ್ಷ್ಮದರ್ಶಕವೂ ನಮ್ಮ ಅಡುಗೆಮನೆಗೆ ಉಪಯೋಗವಾಗುವದಿಲ್ಲ. ಕೆಲಸಗಾರ ರೋಗವನ್ನು ಮುಚ್ಚಿಡುತ್ತಾನೆ, ಗಿರಾಕಿ ಅದನ್ನು ತಿನ್ನುತ್ತಾನೆ.

ಇ.ಎಸ್.ಐ. ಕಾರ್ಡು ಇರುವವರಿಗೆ ಒಂದು ಆಸರೆ ಉಂಟು. ವಂತಿಗೆ ಸರಿಯಾಗಿ ತುಂಬಿದ್ದರೆ ಕಾಯಿಲೆಯ ರಜೆಗೆ ವರ್ಷಕ್ಕೆ ೯೧ ದಿನಗಳವರೆಗೆ ಪಗಾರದ ಶೇಕಡಾ ೭೦ರಷ್ಟು ಸಿಗುತ್ತದೆ. ಆ ಅವಧಿಯಲ್ಲಿ ಮಾಲಕರು ಕೆಲಸದಿಂದ ತೆಗೆಯುವ ಹಾಗಿಲ್ಲ. ಕಾರ್ಡು ಇದ್ದೂ ತಮ್ಮ ಹೆಸರಿನಲ್ಲಿ ವಂತಿಗೆ ಹೋಗುತ್ತಿದೆಯೇ ಎಂದು ನೋಡದವರು ನಾಳೆಯೇ ನೋಡಿಕೊಳ್ಳಿರಿ. ಕಾರ್ಡು ಇಲ್ಲದವರು ಸಭೆ ಮುಗಿದ ಮೇಲೆ ಹೆಸರು ಬರೆಸಿ ಹೋಗಿರಿ.

ಲಸಿಕೆಯ ಬಗ್ಗೆ ಒಬ್ಬ ಭಟ್ಟರು ಬೆಳಿಗ್ಗೆ ಕೇಳಿದ್ದರು. ಟೈಫಾಯಿಡಿಗೆ ಹೈದರಾಬಾದಿನಲ್ಲೇ ತಯಾರಾಗುವ ಹೊಸ ಬಗೆಯ ಲಸಿಕೆಯುಂಟು. ಒಂದೇ ಚುಚ್ಚುಮದ್ದು, ರಕ್ಷಣೆ ಕೆಲವು ವರ್ಷ ನಿಲ್ಲುತ್ತದೆ. ನವಿ ಮುಂಬಯಿಯ ಮಹಾನಗರಪಾಲಿಕೆ ೨೦೧೮ರಲ್ಲಿ ಇದನ್ನು ಮಕ್ಕಳಿಗೆ ಸಾರ್ವಜನಿಕವಾಗಿ ಹಾಕಿಸಿತು. ನಮಗೂ ಬೇಕೆಂದು ಕೇಳುವದರಲ್ಲಿ ತಪ್ಪಿಲ್ಲ. ಆದರೆ ಲಸಿಕೆ ಹಾಕಿಸಿ ಸಂಡಾಸಿನ ಹತ್ತಿರ ಸಾಬೂನು ಇಡದಿದ್ದರೆ, ಒಂದೇ ತಂಬಿಗೆಯ ನೀರಿನಲ್ಲಿ ಹತ್ತು ಕೈ ತೊಳೆದರೆ ಅದು ಅರ್ಧ ಕೆಲಸ. ವಾಹಕರಿಗೂ ಈಗ ಉಪಾಯವಿದೆ. ನಾಲ್ಕು ವಾರಗಳ ಔಷಧಿಯಿಂದ ಅನೇಕರು ಬಿಡುಗಡೆ ಹೊಂದುತ್ತಾರೆ. ಪಿತ್ತಕೋಶದಲ್ಲಿ ಕಲ್ಲಿದ್ದರೆ ಶಸ್ತ್ರಕ್ರಿಯೆ ಬೇಕಾಗಬಹುದು. ಮೇರಿಗೆ ಇದ್ದ ಗತಿ ಇಂದು ಯಾರಿಗೂ ಬರಬೇಕಾದ್ದಿಲ್ಲ.

ಆದ್ದರಿಂದ ಈ ಸಭೆಯ ಮುಂದೆ ಒಂದು ಠರಾವು ಇಡುತ್ತೇನೆ. ಜ್ವರ ಮೂರು ದಿನ ದಾಟಿದ ಕೆಲಸಗಾರನಿಗೆ ಪಗಾರಿ ರಜೆ ಕೊಟ್ಟು ದವಾಖಾನೆಗೆ ಕಳಿಸಬೇಕು, ಗಾಡಿಗೆ ಹತ್ತಿಸಬಾರದು. ರಕ್ತದ ಕಲ್ಚರೂ ಡಾಕ್ಟರರು ಬೇಕೆಂದ ಇತರ ಪರೀಕ್ಷೆಗಳೂ ಮಾಲಕರ ಖರ್ಚಿನಲ್ಲಿ ಆಗಬೇಕು. ಟೈಫಾಯಿಡ್ ಎಂದು ಸಿದ್ಧವಾದರೆ ಔಷಧಿ ಮುಗಿದ ಮೇಲೆ ಬೇರೆ ಬೇರೆ ದಿನ ಮೂರು ಸಲ ಮಲಪರೀಕ್ಷೆ ಆಗಿ, ಮೂರರಲ್ಲೂ ರೋಗಾಣು ಇಲ್ಲವೆಂದು ಬರುವವರೆಗೆ ಅವನು ಆಹಾರ ಮುಟ್ಟಬಾರದು. ಅದುವರೆಗೆ ಅವನ ಜಾಗ ಅವನಿಗೇ ಇರಬೇಕು. ವಾಹಕನೆಂದು ತಿಳಿದವನಿಗೆ ಗಲ್ಲಾದಲ್ಲಿಯೋ ಗೋದಾಮಿನಲ್ಲಿಯೋ ಅದೇ ಪಗಾರಕ್ಕೆ ಕೆಲಸ ಕೊಡಬೇಕು, ಅವನ ಚೀಟಿಯನ್ನು ಹೋಟೆಲಿನಲ್ಲಿ ಯಾರಿಗೂ ತೋರಿಸಬಾರದು. ವರ್ಷದ ವೈದ್ಯಪರೀಕ್ಷೆಗೆ ಡಾಕ್ಟರರು ನಿಜವಾಗಿ ಬರಬೇಕು.

ಮಾಲಕರ ಮುಂದೆ ಇದನ್ನು ಒಯ್ಯುವದಕ್ಕೆ ಮೊದಲು ನಿಮ್ಮ ಮಾತು ಬೇಕು. ಮೂರನೆಯ ಕಲಮಿಗೆ ನಮ್ಮಲ್ಲೇ ಕೆಲವರ ವಿರೋಧವಿದೆಯೆಂದು ಕೇಳಿದ್ದೇನೆ. ರೋಗವಿದ್ದವನು ಆಹಾರ ಮುಟ್ಟಬಾರದೆಂದು ನಾವಾಗಿಯೇ ಯಾಕೆ ಬರೆದುಕೊಡಬೇಕು ಎಂದು ಅವರ ವಾದ. ಅವರು ಮೊದಲು ಎದ್ದು ಮಾತಾಡಲಿ. ಆಮೇಲೆ ಕೈ ಎಣಿಸೋಣ.